ಮುಳ್ಳು ನಿಲ್ಲುವವರೆಗೆ

ಪೊನ್ನಂಪೇಟೆ ಬಸ್‌ಸ್ಟ್ಯಾಂಡಿನ ಎದುರು ನನ್ನ ಜೆರಾಕ್ಸ್ ಅಂಗಡಿ.
ಒಂದು ಮಗ್ಗುಲಿಗೆ ಎರಡು ರೂಪಾಯಿ, ಎರಡಕ್ಕೂ ಮೂರು.
ಊರಿನ ಬಡತನವೆಲ್ಲ ಈ ಗಾಜಿನ ಮೇಲೆ
ಬೋರಲು ಮಲಗಿ ಎದ್ದು ಹೋಗಿದೆ:
ಆದಾಯ ಪತ್ರ, ಜಾತಿ ಪತ್ರ, ರೇಷನ್ ಕಾರ್ಡು,
ಸತ್ತ ಗಂಡಂದಿರ ಸರ್ಟಿಫಿಕೇಟು.
ಬಡವರೆಂದು ತೋರಿಸಲು ಬಡವರಿಗೆ
ಖರ್ಚು ಬಹಳ.

ಅವನು ಬಂದದ್ದು ಕಾಫಿ ಹಣ್ಣಾಗುವ ಹೊತ್ತಿಗೆ.
ಎವಾರಿಸ್ಟ್. ಅರಣ್ಯ ಕಾಲೇಜು. ಬುರುಂಡಿ.
ಆ ದೇಶವನ್ನು ನಾನು ಮೊದಲು ಕಂಡದ್ದೇ
ಅವನ ಪಾಸ್‌ಪೋರ್ಟಿನ ರಟ್ಟಿನ ಮೇಲೆ.
ಬಾಡಿಗೆ ಕೋಣೆ ಕೇಳಿದಲ್ಲೆಲ್ಲ
ಖಾಲಿ ಕೋಣೆಗೂ ಯಾರೋ ನೆಂಟರು ಬರುವವರಿದ್ದರು.
ಸಿಲ್ವರ್ ಓಕ್ ಬಂದದ್ದೂ ಹಡಗಿನಲ್ಲೇ ಅಲ್ಲವೆ?
ಅಪ್ಪಿ ಹತ್ತುವ ಮೆಣಸಿನ ಬಳ್ಳಿ
ಅದರ ವೀಸಾ ಕೇಳಿದ್ದನ್ನು ನಾನಂತೂ ಕಾಣೆ.

ಮೊದಲ ಕಾಪಿಯಲ್ಲಿ ಅವನ ಮುಖವೇ ಬರಲಿಲ್ಲ.
ಚೌಕದೊಳಗೆ ಬರೀ ಕಪ್ಪು, ಕಾಲರಿನ ಬಿಳಿ ಅಂಚು.
"ಅಭ್ಯಾಸ ಇದೆ ಅಕ್ಕಾ" ಎಂದು ನಕ್ಕು ದುಡ್ಡಿಟ್ಟ.
ನಾಚಿಕೆಯಾಯಿತು; ಯಂತ್ರ ನನ್ನದಲ್ಲವೆ.
ಬೆಳಕಿನ ಗುಂಡಿಯನ್ನು ಎರಡು ಮನೆ ಮೇಲಕ್ಕೆ ಒತ್ತಿದೆ.
ಕಣ್ಣು ಬಂತು.
ಹುಬ್ಬಿನ ಮೇಲಿನ ಹಳೇ ಗಾಯದ ಗೆರೆಯೂ ಬಂತು.

ಸ್ಟೈಪೆಂಡು ಮೂರು ತಿಂಗಳು ತಡ.
ಮೀನಿನವನ ಲೆಕ್ಕದ ಕೆಳಗೆ ಅವನ ಲೆಕ್ಕ ಬರೆದೆ.
ಒಂದು ದಿನ ಬೇರೆ ಯಾವುದೋ ದೇಶದ ಫೆಲೋಶಿಪ್ ಫಾರಂ ತಂದು
ಕನ್ನಡ ಮಾಡಿ ಹೇಳಿದ:
ನೀವು ದಾಟಿದ ಕಷ್ಟವನ್ನು ಐನೂರು ಪದಗಳಲ್ಲಿ ಬರೆಯಿರಿ.
"ಎಷ್ಟು ಅತ್ತರೆ ಎಷ್ಟು ಕೊಡ್ತಾರೆ, ನಬೀಸಕ್ಕಾ?"
ನನಗೇನು ಗೊತ್ತು, ನನ್ನದು ಏಳನೇ ಕ್ಲಾಸು.

ಆಮೇಲೆ ಅವನ ಮುರುಕು ಮಾತಿನಲ್ಲಿ ಅವ್ವನ ಕತೆ.
ಅವಳೂ ಕಾಫಿ ಕುಯ್ಯುವವಳು.
ಸಂಜೆ ತೂಕದ ಹೊತ್ತಿಗೆ ಎಲ್ಲರ ಸೊಂಟವೂ ಸೋತಿರುತ್ತದೆ,
ಚೀಲ ಕೊಕ್ಕೆಗೆ ಸಿಕ್ಕಿಸಿ ನಡೆದುಬಿಡುತ್ತಾರೆ.
ಮುಳ್ಳು ಇನ್ನೂ ಓಲಾಡುತ್ತಿರುವಾಗಲೇ
ರೈಟರು ಬರೆದುಬಿಡುತ್ತಾನೆ, ಕಡಿಮೆಯ ಕಡೆಗೆ.
ಅವ್ವ ಮಾತ್ರ ಕದಲುತ್ತಿರಲಿಲ್ಲ.
ಜಗಳ ತೆಗೆಯದೆ, ಕೈಯೂ ಮುಗಿಯದೆ
ಮುಳ್ಳು ನಿಲ್ಲುವವರೆಗೆ ನಿಲ್ಲುತ್ತಿದ್ದಳು.
ಸೊಳ್ಳೆ ಕಚ್ಚಿದರೂ.
ದಿನಕ್ಕೆ ಅರ್ಧ ಕಿಲೋ ಉಳಿಯುತ್ತಿತ್ತು.
ಇವನ ಸ್ಲೇಟು, ಚಪ್ಪಲಿ, ಭೂಗೋಳದ ಪುಸ್ತಕ
ಆ ಅರ್ಧ ಕಿಲೋಗಳದ್ದು.

"ತಕ್ಕಡಿಯೇ ಸೊಟ್ಟ ಇದ್ದರೆ?" ಎಂದೆ.
ಅವನು ಬಹಳ ಹೊತ್ತು ಸ್ಟೇಪ್ಲರ್ ಪಿನ್ನುಗಳನ್ನು
ಸಾಲಾಗಿ ಜೋಡಿಸುತ್ತ ಕೂತ.
ಗೋಣಿಕೊಪ್ಪದ ಬಸ್ಸು ಬಂತು, ಹೋಯಿತು.

ಐನೂರು ಪದಗಳಲ್ಲಿ ಒಂದು ಹನಿ ಕಣ್ಣೀರೂ ಹಾಕಲಿಲ್ಲವಂತೆ.
ಯಾವ ಮರದ ನೆರಳಲ್ಲಿ ಹಣ್ಣು ತಡವಾಗಿ ಮಾಗುತ್ತದೆ,
ಎಷ್ಟು ದಿನ, ಯಾಕೆ,
ಹೆಬ್ಬೆರಳಿಗೆ ಅದು ಹೇಗೆ ತಿಳಿಯುತ್ತದೆ,
ಅದನ್ನೇ ಬರೆದ.

ತೋಟದಲ್ಲಿ ಮರ ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿದವಳು
ಚೋಮಿ, ಎರವರ ಹುಡುಗಿ, ಲೈನ್ ಮನೆಯವಳು,
ಪಿಯುಸಿ ಎರಡನೇ ವರ್ಷ.
ಒಂದು ಭಾನುವಾರ ಅವಳನ್ನೂ ಕರೆತಂದ.
ಬಾಗಿಲಲ್ಲೇ ನಿಂತಳು, ಬೆರಳಿಗೆ ಕಾಫಿ ಕರೆ.
"ಅದೆಲ್ಲ ನಮ್ಮಂಥೋರಿಗಲ್ಲ ಅಕ್ಕ, ಇವನು ಸುಮ್ಮನೆ."
ಫಾರಂ ನೋಡಿದೆ: ಹೊರದೇಶ, ಪೂರ್ತಿ ಖರ್ಚು ಅವರದೇ,
ಕೊನೆಯ ದಿನ ಮಂಗಳವಾರ.
"ಇಲ್ಲ ಅನ್ನೋದು ಅವರ ಕೆಲಸ" ಎಂದ ಎವಾರಿಸ್ಟ್,
"ಅದನ್ನೂ ನೀನೇ ಮಾಡ್ತೀಯಾ, ಕೂಲಿ ಇಲ್ಲದೆ?"
ಅವಳು ನಕ್ಕಳು. ಒಳಗೆ ಬಂದಳು.

ಏಪ್ರಿಲಿನ ಮೊದಲ ಮಳೆಗೆ ತೋಟವೆಲ್ಲ ಬಿಳಿ ಹೂವು.
ಅವನಿಗೆ ಬಂದ ಕಾಗದದಲ್ಲಿ ವಿಷಾದವಿತ್ತು.
ಎರಡು ಕಾಪಿ ತೆಗೆಸಿಕೊಂಡ.
"ಇಲ್ಲ ಅಂದಿದ್ದಕ್ಕೂ ಕಾಪಿ ಯಾಕೋ?"
"ಯಾಕೆ ಇಲ್ಲ ಅಂತ ಕೇಳಿ ಬರೆದಿದ್ದೀನಿ ಅಕ್ಕಾ.
ಮುಳ್ಳು ಇನ್ನೂ ಓಲಾಡ್ತಿದೆ."
ಚೋಮಿಯ ಹೆಸರು ಕಾಯುವ ಪಟ್ಟಿಯಲ್ಲಿ, ಹದಿನಾಲ್ಕನೆಯದು.
ಮೇಲಿನ ಹದಿಮೂರು ಮಂದಿಗೆ ನಾನು ಕೇಡು ಬಯಸಲಾರೆ;
ಯಾರಿಗಾದರೂ ಮದುವೆಯೋ ಸರ್ಕಾರಿ ಕೆಲಸವೋ ಆಗಲಿ
ಎಂದು ದುವಾ ಮಾಡಿದ್ದೇನೆ.

ಅವಳ ಫೋಟೋ ಕಾಪಿ ಮಾಡುವಾಗ
ಗುಂಡಿ ಮುಟ್ಟಬೇಕಾಗಲಿಲ್ಲ.
ಅದು ಅಲ್ಲೇ ಇತ್ತು, ಎರಡು ಮನೆ ಮೇಲೆ.
ಪಟ್ಟಣದ ಕೆಲವರು ದೂರುತ್ತಾರೆ,
ನಿಮ್ಮಲ್ಲಿ ನಮ್ಮ ಮುಖ ತೀರ ಬಿಳುಚಿ ಬರುತ್ತದೆ ಎಂದು.
ಸರಿಮಾಡಿಸುತ್ತೇನೆ ಎನ್ನುತ್ತೇನೆ.